ಆರಿದ ದೀಪಕ್ಕೇ ಹೆಚ್ಚು ಹೆದರು

ಅಳಿಯಾ,

ಶಾಮಿಯಾನ, ಸೀರಿಯಲ್ ಸೆಟ್ಟು, ಜನರೇಟರಿನ ಜೊತೆಗೆ ಈಗ ಆಕಾಶಕ್ಕೆ ಬೆಳಕು ಬಿಡುವ ಸರ್ಚ್‌ಲೈಟನ್ನೂ ಕೊಂಡಿದ್ದೀಯ ಅಂತ ನಿಮ್ಮಮ್ಮ ಫೋನು ಮಾಡಿದ್ದಳು. ಸೆಕೆಂಡ್ ಹ್ಯಾಂಡ್ ಮಾಲು, ನಾಲ್ಕು ಸಾವಿರ ವ್ಯಾಟಿನ ಝೆನಾನ್ ದೀಪ. ಫಾಲ್ಗುಣದ ಜಾತ್ರೆಗೆ ಅದನ್ನೇ ಹಚ್ಚುವುದೆಂದು ದೇವಸ್ಥಾನದ ಕಮಿಟಿಯವರಿಂದ ಮುಂಗಡವನ್ನೂ ತೆಗೆದುಕೊಂಡಿದ್ದೀಯಂತೆ. ಕೇಳಿ ಖುಷಿಯಾಯಿತು. ಸುತ್ತಲ ಹಳ್ಳಿಯವರು ತಮ್ಮ ಕಣದಲ್ಲಿ ನಿಂತೇ ‘ಅಗೋ, ತೇರಿನ ದೀಪ’ ಅನ್ನುವಂಥ ಬೆಳಕು ಅದು. ಮಕ್ಕಳು ಅದನ್ನು ನೋಡಿದ ಮೇಲೆ ಮಲಗುವುದೇ ಇಲ್ಲ.

ಅದರ ಹೊಟ್ಟೆಯೊಳಗಿರುವ ಬಲ್ಬು ನನಗೆ ಹಳೆಯ ಪರಿಚಯ. ನನ್ನ ದುಡಿಮೆಯೆಲ್ಲ ಟಾಕೀಸಿನ ಆಪರೇಟರ್ ರೂಮಿನಲ್ಲೇ ಕಳೆದದ್ದು ನಿನಗೆ ಗೊತ್ತು. ಮೊದಲು ಕಾರ್ಬನ್ ಕಡ್ಡಿ ಉರಿಸುತ್ತಿದ್ದೆವು. ಕಡ್ಡಿ ಸವೆದ ಹಾಗೆಲ್ಲ ಅವೆರಡರ ನಡುವಿನ ಅಂತರ ಸರಿಮಾಡುತ್ತಾ ಕೂರಬೇಕು, ಕಣ್ಣು ಅತ್ತಿತ್ತ ಸರಿಯುವಂತಿಲ್ಲ. ಆಮೇಲೆ ಝೆನಾನ್ ಬಂತು. ಸ್ವಿಚ್ ಒತ್ತಿದರೆ ಉರಿಯಿತು, ಒತ್ತಿದರೆ ಆರಿತು. ಕೆಲಸ ಹಗುರವಾಯಿತು ಎಂದು ಎಲ್ಲರೂ ಉಸ್ಸೆಂದರು. ಆದರೆ ಕಾರ್ಬನ್ ಕಡ್ಡಿ ಆರಿದ ಮೇಲೆ ಬರೀ ಕಡ್ಡಿ. ಝೆನಾನ್ ಬಲ್ಬು ಹಾಗಲ್ಲ, ಆರಿದ ಮೇಲೂ ಅದರೊಳಗೆ ಕಸುವು ಇರುತ್ತದೆ. ನಾನು ಇಷ್ಟುದ್ದ ಬರೆಯುತ್ತಿರುವುದು ಈ ಒಂದು ಸಂಗತಿಗಾಗಿ. ದೀಪ ಉರಿಯುವಾಗ ಎಲ್ಲರೂ ದೂರ ನಿಂತು ನೋಡುತ್ತಾರೆ, ಯಾರೂ ಮುಟ್ಟುವುದಿಲ್ಲ. ಕೈ ಹಾಕುವುದು ಹಚ್ಚುವ ಮೊದಲು, ಇಲ್ಲವೇ ಆರಿಸಿದ ಮೇಲೆ. ಪೆಟ್ಟು ಬೀಳುವುದೂ ಆಗಲೇ.

ಬಲ್ಬಿನ ವಿಚಾರ ಬಿಡಿಸಿ ಹೇಳುತ್ತೇನೆ. ಗಟ್ಟಿ ಕ್ವಾರ್ಟ್ಸ್ ಗಾಜಿನ ಗುಂಡು, ಒಳಗೆ ಎದುರುಬದುರಾಗಿ ಟಂಗ್‌ಸ್ಟನ್ನಿನ ಎರಡು ತುದಿ, ಸುತ್ತ ಒತ್ತಿ ತುಂಬಿದ ಝೆನಾನ್ ಅನಿಲ. ಅಂಗಡಿಯ ಕಪಾಟಿನಲ್ಲಿ ತಣ್ಣಗೆ ಕೂತಿರುವಾಗಲೇ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಎಂಟು ಹತ್ತು ಪಟ್ಟು ಇರುತ್ತದೆ. ಲಾರಿಯ ಟೈರಿಗೆ ಗಾಳಿ ಹಿಡಿಸುತ್ತಾರಲ್ಲ, ಹೆಚ್ಚುಕಡಿಮೆ ಅಷ್ಟು. ಆದರೆ ಟೈರು ರಬ್ಬರು, ಇದು ಗಾಜು. ಉರಿಯುವಾಗ ಆ ಒತ್ತಡ ಮೂರು ಪಟ್ಟಾಗುತ್ತದೆ. ನಾನು ಕೆಲಸಕ್ಕಿದ್ದ ಒಂದು ಟಾಕೀಸಿನಲ್ಲಿ ಆಟ ನಡೆಯುತ್ತಿರುವಾಗಲೇ ಬಲ್ಬು ಒಡೆಯಿತು. ಪಟಾಕಿಯ ಸದ್ದಲ್ಲ ಅದು, ಎದೆಗೆ ಬಡಿಯುವ ಸದ್ದು. ಬಲ್ಬು ಕೂರುವ ಪೆಟ್ಟಿಗೆ, ಅಂದರೆ ಲ್ಯಾಂಪ್‌ಹೌಸಿನ ಕದ ಭದ್ರವಾಗಿ ಹಾಕಿತ್ತು, ನಾವು ಉಳಿದೆವು. ಕದ ತೆಗೆದು ನೋಡಿದರೆ ದೊಡ್ಡ ಕನ್ನಡಿ ಪುಡಿಪುಡಿ, ತಗಡಿನ ಒಳಮೈ ಉಳಿಯಿಂದ ಕೆತ್ತಿದ ಹಾಗಾಗಿತ್ತು. ಅಲ್ಲಿ ತಗಡಿನ ಬದಲು ಮುಖ ಇದ್ದಿದ್ದರೆ ಏನಾಗುತ್ತಿತ್ತು ಎಂದು ನೀನೇ ಯೋಚಿಸು.

ಆದ್ದರಿಂದ ಬಲ್ಬು ಹಾಕುವ, ಬಿಚ್ಚುವ ಕೆಲಸ ನಿನ್ನ ಕೈಯಲ್ಲೇ ಇರಲಿ, ಹುಡುಗರಿಗೆ ಬಿಡಬೇಡ. ಕತ್ತಿನವರೆಗೆ ಇಳಿಯುವ ಮುಖಗವಸು, ದಪ್ಪ ಚರ್ಮದ ಕೈಗವಸು, ತುಂಬು ತೋಳಿನ ದಪ್ಪ ಅಂಗಿ, ಇವು ಮೂರೂ ಮೈಮೇಲೆ ಬಂದ ನಂತರವೇ ಬಲ್ಬಿನ ಪ್ಲಾಸ್ಟಿಕ್ ಕವಚ ತೆಗೆಯಬೇಕು. ತಂಪು ಕನ್ನಡಕ ಹಾಕಿಕೊಂಡೆ ಸಾಕು ಅನ್ನಬೇಡ, ಚೂರು ಹಾರುವುದು ಕಣ್ಣಿಗಷ್ಟೇ ಅಲ್ಲ, ಕುತ್ತಿಗೆಯ ನರಕ್ಕೂ ಹಾರುತ್ತದೆ. ಹಿಡಿಯುವಾಗ ಲೋಹದ ತುದಿಯನ್ನು ಹಿಡಿ, ಗಾಜಿನ ಗುಂಡಿಗೆ ಬೆರಳು ತಾಗಿಸಬೇಡ. ಬೆರಳಿನ ಜಿಡ್ಡು ಗಾಜಿನ ಮೇಲೆ ಕೂತರೆ ಆ ಬಿಸಿಗೆ ಅಲ್ಲೇ ಸುಟ್ಟು, ಗಾಜು ಬೆಳ್ಳಗೆ ಮಂಜಾಗಿ, ಆ ಜಾಗ ದುರ್ಬಲವಾಗುತ್ತದೆ. ತಪ್ಪಿ ತಾಗಿದರೆ ತಣ್ಣಗಿರುವಾಗಲೇ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆ ಬಟ್ಟೆಯಿಂದ ಒರೆಸು. ಒಂದು ತುದಿಯನ್ನು ಬಿಗಿಯಾಗಿ ಕೂರಿಸಿ, ಇನ್ನೊಂದು ತುದಿಯನ್ನು ಎಳೆತ ಬೀಳದಂತೆ ಬಾಗುವ ತಂತಿಗೆ ಸೇರಿಸಬೇಕು. ಎರಡೂ ಕಡೆ ಎಳೆದು ಬಿಗಿದರೆ ಬಿಸಿಗೆ ಹಿಗ್ಗಲು ಎಡೆಯಿಲ್ಲದೆ ಗಾಜು ಬಿರಿಯುತ್ತದೆ.

ಪ್ಲಸ್ಸು ಮೈನಸ್ಸು ಇನ್ನೊಂದು ಗಂಡಾಂತರ. ಈ ಬಲ್ಬು ಉರಿಯುವುದು ಡಿಸಿಯಲ್ಲಿ. ದಪ್ಪ ತುದಿ ಪ್ಲಸ್ಸು, ಚೂಪು ತುದಿ ಮೈನಸ್ಸು. ಅದಲು ಬದಲಾದರೆ ಕೆಲವೇ ಕ್ಷಣದಲ್ಲಿ ತುದಿ ಕರಗಿ ಬಲ್ಬು ಹಾಳು, ಸಾವಿರಾರು ರೂಪಾಯಿ ಮಣ್ಣುಪಾಲು. ಸೆಕೆಂಡ್ ಹ್ಯಾಂಡ್ ಮಾಲು ಬೇರೆ, ಹಿಂದಿನವನು ಕೇಬಲ್ ಬದಲಿಸಿ ಕೆಂಪು ಕಪ್ಪು ಎಲ್ಲ ಕಲಸಿಟ್ಟಿರಬಹುದು. ಬಣ್ಣ ನಂಬಬೇಡ, ಮೀಟರ್ ಹಿಡಿದು ನೋಡು. ಹಾಗೆಯೇ ಬಲ್ಬು ಎಷ್ಟು ಗಂಟೆ ಉರಿದಿದೆ ಎಂದು ತೋರಿಸುವ ಮೀಟರು ಯಂತ್ರದ ಮೇಲಿರುತ್ತದೆ. ಕಂಪನಿಯವರು ಹೇಳಿದ ಆಯಸ್ಸು ಮುಗಿದಿದ್ದರೆ ‘ಇನ್ನೂ ಬೆಳಕು ಚೆನ್ನಾಗಿದೆ’ ಎಂದು ಎಳೆಯಬೇಡ. ಹಳತಾದ ಗಾಜಿಗೆ ಒತ್ತಡ ತಡೆಯುವ ಶಕ್ತಿ ಇಳಿಯುತ್ತಾ ಹೋಗುತ್ತದೆ. ಮೀಟರೇ ಇಲ್ಲ, ಅಥವಾ ಯಾರೋ ಸೊನ್ನೆಗೆ ತಿರುಗಿಸಿದ್ದಾರೆ ಎಂಬ ಅನುಮಾನ ಬಂದರೆ ಜಾತ್ರೆಗೆ ಮೊದಲು ಹೊಸ ಬಲ್ಬನ್ನೇ ಹಾಕಿಸು. ಮುಂಗಡದ ದುಡ್ಡು ಅದಕ್ಕೆ ಹೋದರೂ ಸರಿ.

ಇನ್ನು ಕರೆಂಟು. ನಾಲ್ಕು ಕಿಲೋವ್ಯಾಟಿನ ಈ ಬಲ್ಬು ಉರಿಯುವುದು ಬರೀ ಮೂವತ್ತು ವೋಲ್ಟಿನ ಆಸುಪಾಸಿನಲ್ಲಿ. ಅಷ್ಟು ಕಡಿಮೆ ವೋಲ್ಟಿನಲ್ಲಿ ಅಷ್ಟು ಬೆಳಕು ಬೇಕೆಂದರೆ ನೂರಮೂವತ್ತು ಆಂಪಿಯರ್ ಮೇಲ್ಪಟ್ಟು ಹರಿಯಬೇಕು. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಪೆಟ್ಟಿಗೆಯಿಂದ ದೀಪದ ತಲೆಗೆ ಹೋಗುವ ಕೇಬಲ್ ಹೆಬ್ಬೆರಳಿನಷ್ಟು ದಪ್ಪ ಇರುವುದು ಇದಕ್ಕೇ. ಅದನ್ನು ಉದ್ದ ಮಾಡುತ್ತೇನೆಂದು ಸಿಕ್ಕ ತಂತಿ ಸೇರಿಸಬೇಡ. ಕೇಬಲಿನ ತುದಿಯ ಲಗ್ ಒಂದು ಸುತ್ತು ಸಡಿಲವಿದ್ದರೂ ಅಲ್ಲಿ ಬಿಸಿ ಏರಿ, ತಾಮ್ರ ನೀಲಿಗಟ್ಟಿ, ಕೊನೆಗೆ ಹೊತ್ತಿಕೊಳ್ಳುತ್ತದೆ. ಲಾರಿಯಲ್ಲಿ ಕುಲುಕಿ ಬಂದ ಯಂತ್ರ. ಪ್ರತಿ ಜಾಗದಲ್ಲೂ ಇಳಿಸಿದ ಕೂಡಲೇ ಪಾನಾ ಹಿಡಿದು ಎಲ್ಲ ಲಗ್ಗುಗಳನ್ನೂ ಒಮ್ಮೆ ಬಿಗಿದು ನೋಡು. ನಮ್ಮ ರೂಮಿನಲ್ಲಿ ವಾರಕ್ಕೊಮ್ಮೆ ಇದೇ ಮೊದಲ ಕೆಲಸ.

ವೋಲ್ಟು ಮೂವತ್ತು ತಾನೇ ಎಂದು ತಾತ್ಸಾರ ಮಾಡಬೇಡ. ಹಚ್ಚುವ ಆ ಒಂದು ಕ್ಷಣ ಇಗ್ನೈಟರ್ ಕೊಡುವ ಪೆಟ್ಟು ಇಪ್ಪತ್ತು ಮೂವತ್ತು ಸಾವಿರ ವೋಲ್ಟಿನದು. ಚಿಟ್ಟೆಂದು ಸದ್ದು ಬರುತ್ತದಲ್ಲ, ಅದು. ಆ ಹೊತ್ತಿನಲ್ಲಿ ಯಾರ ಕೈಯೂ ಲ್ಯಾಂಪ್‌ಹೌಸಿನ ಮೇಲಿರಬಾರದು. ಕದ ತೆಗೆದರೆ ಕರೆಂಟು ತಾನಾಗಿ ಕಡಿಯುವ ಸ್ವಿಚ್ ಒಂದು ಒಳಗಿರುತ್ತದೆ. ರಿಪೇರಿಯವರು ಎಷ್ಟೋ ಸಲ ಅದಕ್ಕೆ ತುಂಡು ತಂತಿ ಕಟ್ಟಿ ಸುಮ್ಮನಾಗಿಸಿರುತ್ತಾರೆ. ನಿನ್ನ ಯಂತ್ರದಲ್ಲಿ ಹಾಗಿದೆಯೇ ಎಂದು ಇವತ್ತೇ ನೋಡು. ಇದ್ದರೆ ಕಿತ್ತೆಸೆದು ಸ್ವಿಚ್ಚನ್ನು ಸರಿಮಾಡಿಸು. ಮೇನ್ ತೆಗೆದ ಮೇಲೂ ರೆಕ್ಟಿಫೈಯರಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಆ ಪೆಟ್ಟಿಗೆಯ ಮುಚ್ಚಳ ಬಿಚ್ಚುವ ಗೋಜಿಗೆ ಹೋಗಬೇಡ.

ಕರೆಂಟು ಎಲ್ಲಿಂದ ತರುತ್ತೀ? ಲೈನಿಗೆ ಕೊಂಡಿ ಹಾಕುವ ಮಾತೇ ಬೇಡ. ಜಾತ್ರೆಗೆ ಬೆಸ್ಕಾಂನವರು ತಾತ್ಕಾಲಿಕ ಸಂಪರ್ಕ ಕೊಡುತ್ತಾರೆ, ಕಮಿಟಿಯವರ ಕೈಲಿ ಅರ್ಜಿ ಹಾಕಿಸಿ ಮೀಟರಿನ ಮೇಲೇ ತೆಗೆದುಕೋ. ಜನರೇಟರಾದರೆ ದೀಪದ ವ್ಯಾಟಿಗೆ ಕನಿಷ್ಠ ಎರಡರಷ್ಟು ದೊಡ್ಡದಿರಲಿ, ಹತ್ತು ಕೆವಿಎಗಿಂತ ಕೆಳಗೆ ಯೋಚಿಸಬೇಡ. ರೆಕ್ಟಿಫೈಯರ್ ತಿನ್ನುವುದೂ ಸೇರಿಸಿದರೆ ಲೆಕ್ಕ ಅಲ್ಲಿಗೇ ಬರುತ್ತದೆ. ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ ಮೂವತ್ತು ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕದೆ ಯಾವ ಲೈನೂ ಎಳೆಯಬೇಡ. ಒಣನೆಲದಲ್ಲಿ ಅದರ ಬೆಲೆ ತಿಳಿಯುವುದಿಲ್ಲ. ಯಾರೋ ಪಾನಕದ ನೀರು ಚೆಲ್ಲಿದ ಜಾಗದಲ್ಲಿ ಬರಿಗಾಲ ಮಗು ಕಂಬ ಹಿಡಿದಾಗ ತಿಳಿಯುತ್ತದೆ.

ಅರ್ತಿಂಗ್ ಬಗ್ಗೆ ನಮ್ಮ ಕಡೆ ಇರುವಷ್ಟು ಉದಾಸೀನ ನನಗೆ ಬೇರೆ ಯಾವುದರಲ್ಲೂ ಕಂಡಿಲ್ಲ. ಒಂದು ಗಜ ಕಬ್ಬಿಣದ ಸರಳನ್ನು ಗಟ್ಟಿ ನೆಲಕ್ಕೆ ಹೊಡೆದು ತಂತಿ ಸುತ್ತಿ ಆಯಿತು ಅನ್ನುತ್ತಾರೆ. ಭಾರತೀಯ ಮಾನಕ 3043ರ ಪ್ರಕಾರ ಜಿಐ ಪೈಪ್ ಆದರೆ ಮೂವತ್ತೆಂಟು ಮಿಲಿಮೀಟರಿಗೆ ಕಡಿಮೆಯಿಲ್ಲದ ಒಳವ್ಯಾಸ, ಎರಡೂವರೆ ಮೀಟರಿಗೆ ಕಡಿಮೆಯಿಲ್ಲದ ಉದ್ದ ಬೇಕು. ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಫಾಲ್ಗುಣಕ್ಕೆ ಮೇಲಿನ ಮಣ್ಣು ಹಪ್ಪಳದಂತೆ ಒಣಗಿರುತ್ತದೆ, ಅದರಲ್ಲಿ ಗಿಡ್ಡ ಸರಳು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೆಳಗಿನ ತೇವ ಮುಟ್ಟಬೇಕು. ಪೈಪ್ ಹೂತ ಸುತ್ತ ಸಂಜೆ ಎರಡು ಕೊಡ ನೀರು ಹುಯ್ಯಿಸು. ಯಂತ್ರದ ಮೈ, ರೆಕ್ಟಿಫೈಯರ್, ಜನರೇಟರಿನ ಚಾಸಿ, ಹತ್ತಿರದ ಕಬ್ಬಿಣದ ಬ್ಯಾರಿಕೇಡು, ಎಲ್ಲಕ್ಕೂ ಅರ್ತ್ ಹೋಗಲಿ. ಊರಿನ ಲೈಸೆನ್ಸ್ ಇರುವ ವೈರ್‌ಮನ್ನನ್ನು ಕರೆಸಿ ಅಳತೆ ಮಾಡಿಸು. ಅವನಿಗೆ ಕೊಡುವ ಕೂಲಿ ದಂಡವಲ್ಲ.

ಜಾಗ ಆರಿಸುವ ಮಾತು. ಕಮಿಟಿಯವರು ‘ಗುಡಿಯ ಹಿಂದಿನ ಮನೆ ಮೇಲೆ ಇಡಿ, ಎತ್ತರ ಆಗುತ್ತೆ’ ಅಂದೇ ಅನ್ನುತ್ತಾರೆ. ಮಾಳಿಗೆ ಮನೆ ಮೇಲೆ ಇಡಬೇಡ. ಜಂತೆಯ ಮೇಲೆ ಮಣ್ಣು ಹಾಸಿದ ಹಳೆ ಮಾಳಿಗೆ ಎಷ್ಟು ಭಾರ ಹೊರುತ್ತದೆಂದು ಮನೆಯವರಿಗೇ ತಿಳಿಯದು, ಮೇಲೆ ಯಂತ್ರದ ಜೊತೆ ನೋಡಲು ಹತ್ತುವ ಹುಡುಗರ ದಂಡು ಬೇರೆ. ಎತ್ತರ ಬೇಕಾಗಿಯೂ ಇಲ್ಲ, ಆಕಾಶಕ್ಕೆ ಹೋಗುವ ಬೆಳಕಿಗೆ ನೆಲವೇ ಸಾಕು. ಎರೆಮಣ್ಣಾದರೆ ಕೆಳಗೆ ದಪ್ಪ ಹಲಗೆ ಹಾಸಿ, ಮಟ್ಟಗೋಲು ಇಟ್ಟು ನೋಡಿ ನಿಲ್ಲಿಸು. ಕಾಲುಗಳ ಮೇಲೆ ಮರಳು ಚೀಲ ಹೇರು. ನಮ್ಮ ಬಯಲಿನ ಗಾಳಿ ಸಂಜೆ ಸುಮ್ಮನಿದ್ದು ರಾತ್ರಿ ಎದ್ದರೆ ಶಾಮಿಯಾನವನ್ನೇ ಎತ್ತುತ್ತದೆ. ಕೇಬಲನ್ನು ತೇರಿನ ಬೀದಿಗೆ ಅಡ್ಡ ಎಳೆಯಬೇಡ, ಮೇಲೂ ಬೇಡ ಕೆಳಗೂ ಬೇಡ. ಸುತ್ತ ಮೂರು ನಾಲ್ಕು ಮೀಟರು ಬಿಟ್ಟು ಗಟ್ಟಿ ಬೇಲಿ ಕಟ್ಟಿ, ಒಬ್ಬ ಹುಡುಗನನ್ನು ಬೇರೆ ಯಾವ ಕೆಲಸವನ್ನೂ ಹೇಳದೆ ಅಲ್ಲೇ ನಿಲ್ಲಿಸು.

ಈಗ ಹೇಳುವುದು ನಿನ್ನ ವಯಸ್ಸಿನ ಲೈಟಿಂಗ್‌ನವರಲ್ಲಿ ಬಹಳ ಜನಕ್ಕೆ ಹೊಳೆಯದ ವಿಚಾರ, ನಿಧಾನವಾಗಿ ಓದು. ದೀಪದ ಹಿಂದಿರುವ ಆ ಬಾಗಿದ ಕನ್ನಡಿ ಬಲ್ಬಿನ ಬೆಳಕನ್ನು ನೆಟ್ಟಗೆ ಆಕಾಶಕ್ಕೆ ಕಳಿಸುತ್ತದೆ ತಾನೇ? ಅದೇ ಕನ್ನಡಿ ಆಕಾಶದಿಂದ ನೆಟ್ಟಗೆ ಬಂದ ಬೆಳಕನ್ನು ಬಲ್ಬಿನ ಜಾಗಕ್ಕೇ ತಂದು ಕೂಡಿಸುತ್ತದೆ. ಹಗಲು ಹೊತ್ತು ಕೆಲಸ ಮುಗಿಸಿ, ದೀಪದ ಮುಖವನ್ನು ಮೇಲಕ್ಕೆ ಮಾಡಿ ಬಿಟ್ಟು ಊಟಕ್ಕೆ ಹೋದೆ ಅನ್ನು. ನಮ್ಮ ಸೀಮೆಯಲ್ಲಿ ಫಾಲ್ಗುಣದ ನಡುಹಗಲಿಗೆ ಸೂರ್ಯ ನೆತ್ತಿಯ ಹತ್ತಿರವೇ ಇರುತ್ತಾನೆ. ಕನ್ನಡಿ ಪೂರ್ತಿ ಬಿಸಿಲನ್ನು ಒಂದು ಕಾಸಿನಗಲಕ್ಕೆ ಇಳಿಸಿ ಬಲ್ಬಿನ ಮೇಲೋ ತಂತಿಯ ಮೇಲೋ ಬಿಡುತ್ತದೆ. ಕರೆಂಟೇ ಇಲ್ಲದೆ, ಸ್ವಿಚ್ಚೇ ಒತ್ತದೆ, ಒಳಗಿನ ವೈರು ಹೊಗೆಯಾಡುತ್ತದೆ. ಮದುವೆಯ ಸ್ಟೇಜಿಗೆ ಕಟ್ಟುವ ಶಾರ್ಪಿ ಲೈಟುಗಳ ಲೆನ್ಸಿಗೂ ಇದೇ ಮಾತು. ಆದ್ದರಿಂದ ಹಗಲಿನಲ್ಲಿ ಮುಖ ನೆಲಕ್ಕೆ ಬಾಗಿರಬೇಕು, ಮೇಲೆ ಬೆಳಕು ತೂರದ ದಪ್ಪ ಹೊದಿಕೆ ಇರಬೇಕು. ಲಾರಿಯಲ್ಲಿ ಸಾಗಿಸುವಾಗಲೂ ಹಾಗೇ.

ಉರಿಯುವಾಗಿನ ಎಚ್ಚರ ನಿನಗೆ ಗೊತ್ತಿರುವುದೇ ಹೆಚ್ಚು, ಬೇಗ ಹೇಳಿಬಿಡುತ್ತೇನೆ. ಹೊಳಪಿನೊಳಕ್ಕೆ ಯಾರೂ ಇಣುಕಬಾರದು. ಈ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅಲ್ಟ್ರಾವಯೊಲೆಟ್ ಕಿರಣವೂ ಇದೆ. ಮುಂದಿನ ಗಾಜು ಒಡೆದಿದ್ದರೆ ಅಥವಾ ಕದ ತೆರೆದಿದ್ದರೆ ಅದು ನೇರ ಹೊರಗೆ ಬಂದು ವೆಲ್ಡಿಂಗ್ ನೋಡಿದವರಿಗೆ ಆಗುವಂತೆ ಕಣ್ಣು ಸುಡುತ್ತದೆ. ಆಗಲೇ ಗೊತ್ತಾಗುವುದಿಲ್ಲ, ಮಧ್ಯರಾತ್ರಿ ಕಣ್ಣಿಗೆ ಮರಳು ತುಂಬಿದ ಹಾಗೆ ಉರಿ ಶುರುವಾಗುತ್ತದೆ. ಗಾಜು ಒಡೆದಿದ್ದರೆ ಅವತ್ತು ದೀಪ ಹಚ್ಚಬೇಡ. ಎಷ್ಟು ಮೀಟರಿನೊಳಗೆ ಬಟ್ಟೆ, ಗರಿ, ಹುಲ್ಲು ಇರಬಾರದೆಂದು ಯಂತ್ರದ ತಗಡಿನ ಮೇಲೆ ಬರೆದಿರುತ್ತದೆ, ಓದು. ಗಾಳಿ ಹೋಗುವ ಜಾಲರಿಗೆ ಟಾರ್ಪಾಲು ಅಡ್ಡ ಬರಬಾರದು. ಮಳೆ ಹನಿದರೆ ಬಿಸಿ ಗಾಜಿಗೆ ನೀರು ಬೀಳುವ ಮುಂಚೆ ಆರಿಸು, ಗುಡುಗು ಕೇಳಿದರೆ ಕಮಿಟಿಯವರು ಏನೇ ಅನ್ನಲಿ ಮೇನ್ ತೆಗೆ. ಬೆಳಕಿನ ಕಂಬ ನೆಲದತ್ತ ಇಳಿಯದಂತೆ ತಲೆಗೆ ತಡೆ ಬೋಲ್ಟ್ ಹಾಕಿಸು. ತೇರಿನ ಹಗ್ಗ ಹಿಡಿದವರ ಕಣ್ಣಿಗೆ ಒಂದು ಸಲ ಅದು ಹೊಡೆದರೆ ಸಾಕು, ಗಾಲಿಗೆ ಸಣ್ಣೆ ಕೊಡುವವನಿಗೆ ತನ್ನ ಕಾಲೇ ಕಾಣದು. ಪಕ್ಕದಲ್ಲಿ ದನದ ಜಾತ್ರೆ ಇದ್ದರೆ ಎತ್ತುಗಳೂ ಬೆದರುತ್ತವೆ.

ಆಕಾಶ ಖಾಲಿ ಅಂದುಕೊಳ್ಳಬೇಡ. ಚಳ್ಳಕೆರೆ ತಾಲ್ಲೂಕಿನಲ್ಲಿ 2017ರಿಂದ ಡಿಆರ್‌ಡಿಒದವರ ವೈಮಾನಿಕ ಪರೀಕ್ಷಾ ವಲಯವಿದೆ, ಪೈಲಟ್ ಇಲ್ಲದ ವಿಮಾನಗಳನ್ನು ಅಲ್ಲಿ ಹಾರಿಸಿ ನೋಡುತ್ತಾರೆ. ಹುಬ್ಬಳ್ಳಿ, ಬೆಂಗಳೂರಿಗೆ ಹೋಗುವ ವಿಮಾನಗಳೂ ನಮ್ಮ ತಲೆಯ ಮೇಲೇ. ಇಳಿಯುವ ಹೊತ್ತಿನಲ್ಲಿ ಪೈಲಟ್ಟಿನ ಕಣ್ಣಿಗೆ ಇಂಥ ಬೆಳಕು ಹೊಡೆದರೆ ಕೆಲವು ಕ್ಷಣ ಅವನಿಗೆ ಏನೂ ಕಾಣುವುದಿಲ್ಲ. ವಿಮಾನಯಾನದ ನಿಯಮಗಳಲ್ಲೇ ಅದಕ್ಕೆ ತಡೆಯಿದೆ. ಪೊಲೀಸ್ ಠಾಣೆಯಲ್ಲಿ ಬರವಣಿಗೆಯ ಅನುಮತಿ ತೆಗೆದುಕೋ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂದು ಅದರಲ್ಲಿ ಬರೆಸು. ವಿಮಾನ ನಿಲ್ದಾಣದ ಹತ್ತಿರದ ಊರಿಂದ ಕರೆ ಬಂದರೆ ಅಲ್ಲಿನವರನ್ನು ಕೇಳದೆ ಮುಂಗಡ ಮುಟ್ಟಬೇಡ.

ಹಕ್ಕಿಗಳೂ ಇವೆಯಪ್ಪಾ. ನ್ಯೂಯಾರ್ಕಿನಲ್ಲಿ ಪ್ರತಿ ಸೆಪ್ಟೆಂಬರ್ ಹನ್ನೊಂದರ ರಾತ್ರಿ, ಉರುಳಿದ ಜೋಡಿ ಗೋಪುರಗಳ ನೆನಪಿಗೆ ಏಳು ಸಾವಿರ ವ್ಯಾಟಿನ 88 ಝೆನಾನ್ ಸರ್ಚ್‌ಲೈಟುಗಳನ್ನು ಆಕಾಶಕ್ಕೆ ಹಚ್ಚುತ್ತಾರೆ. ವಲಸೆ ಹೊರಟ ಹಕ್ಕಿಗಳು ಆ ಬೆಳಕಿಗೆ ಸಿಕ್ಕಿ, ದಾರಿ ಮರೆತು ಸುತ್ತುತ್ತಾ ದಣಿಯುತ್ತವೆ. ಸಾವಿರ ಹಕ್ಕಿ ಕೂಡಿದವೆಂದರೆ ಇಪ್ಪತ್ತು ನಿಮಿಷ ದೀಪ ಆರಿಸಿ ಅವುಗಳನ್ನು ಬಿಟ್ಟುಕೊಡುತ್ತಾರೆ. ಅಂಥ ದುಃಖದ ರಾತ್ರಿಯೇ ಅವರು ಹಾಗೆ ಮಾಡಬಲ್ಲರಾದರೆ ನಾವೂ ಮಾಡಬಹುದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದಾಚೆಗೆ ಹಿಂತಿರುಗುವ ಕಾಲ ಸುಮಾರಾಗಿ ಈ ಜಾತ್ರೆಗಳದ್ದೇ. ಕೆರೆಯ ದಂಡೆಯಲ್ಲಿ ದೀಪ ಇಡಬೇಡ. ಬೆಳಕಿನೊಳಗೆ ಬಿಳಿ ಚುಕ್ಕಿಗಳು ಗಿರಗಿರನೆ ಸುತ್ತುವುದು ಕಂಡರೆ ಸ್ವಲ್ಪ ಹೊತ್ತು ಆರಿಸು. ತೇರು ಹೊರಡುವಾಗ ಒಂದು ಗಂಟೆ, ನೆಲೆಗೆ ಬರುವಾಗ ಒಂದು ಗಂಟೆ ಉರಿದರೆ ಊರಿಗೆ ಸಾಲದೇ?

ಕೊನೆಗೆ ಆರಿಸುವ ಹೊತ್ತು. ಬಲ್ಬು ಆರಿಸು, ಫ್ಯಾನ್ ಆರಿಸಬೇಡ. ಹತ್ತು ಹದಿನೈದು ನಿಮಿಷ ಅದು ತಿರುಗುತ್ತಲೇ ಇರಬೇಕು. ಜನರೇಟರ್ ಹುಡುಗನಿಗೆ ನಿದ್ದೆ ಬಂದಿರುತ್ತದೆ, ದೀಪ ಹೋಯಿತೆಂದು ತಾನೂ ಆಫ್ ಮಾಡುತ್ತಾನೆ. ಬಿಸಿ ಹೋಗಲು ದಾರಿಯಿಲ್ಲದೆ ಬಲ್ಬಿನ ಸೀಲು ಅಲ್ಲಿಗೇ ಅರ್ಧ ಸಾಯುತ್ತದೆ. ಅವನಿಗೆ ಮೊದಲೇ ಹೇಳಿಡು. ತೇರು ಎಳೆಯುವಾಗ ಬೆಸ್ಕಾಂನವರು ಲೈನ್ ತೆಗೆಯುತ್ತಾರಲ್ಲ, ಆಗಲೂ ಫ್ಯಾನಿಗೆ ಬೇರೆ ಕಡೆಯಿಂದ ಕರೆಂಟು ಇರುವಂತೆ ನೋಡಿಕೋ. ಲೈನ್ ಹೋದ ತಕ್ಷಣ ದೀಪದ ಸ್ವಿಚ್ಚನ್ನೂ ಆಫ್‌ಗೆ ತಿರುಗಿಸು. ಕತ್ತಲಲ್ಲಿ ಯಾರಾದರೂ ಕದ ತೆರೆದಿರುವಾಗ ಲೈನ್ ಬಂದರೆ ಗತಿಯೇನು? ಪೂರ್ತಿ ತಣ್ಣಗಾದ ಮೇಲೆ ಮುಖ ಬಾಗಿಸು, ಹೊದಿಸು, ಕಟ್ಟು. ಆ ರಾತ್ರಿಯೇ ಬಿಚ್ಚಿ ಲಾರಿಗೆ ಹಾಕಿ ಮುಂದಿನ ಊರಿಗೆ ಓಡುವ ಆತುರ ಬೇಡ. ಹುಡುಗರು ಗುಡಿಯ ಪ್ರಸಾದ ಉಂಡು ಮಲಗಲಿ, ಬೆಳಗಿನ ಬೆಳಕಿನಲ್ಲಿ ಬಿಚ್ಚಿದರಾಯಿತು.

ಆಯಸ್ಸು ಮುಗಿದ ಬಲ್ಬನ್ನು ಏನು ಮಾಡುತ್ತೀ ಎಂದು ನಿಮ್ಮಮ್ಮನ ಹತ್ತಿರ ಕೇಳಿಸಿದ್ದೆ, ಗುಜರಿಗೆ ಹಾಕುತ್ತಾನಂತೆ ಅಂದಳು. ಹಾಕಬೇಡ. ಅದು ಬೆಳಕು ಕೊಡುವುದನ್ನು ನಿಲ್ಲಿಸಿದೆ, ಒಳಗಿನ ಒತ್ತಡ ಹಾಗೇ ಇದೆ. ಗುಜರಿಯಲ್ಲಿ ತಾಮ್ರ, ಹಿತ್ತಾಳೆ ಆಸೆಗೆ ಕಲ್ಲಿನಿಂದ ಕುಟ್ಟುವವು ಸಣ್ಣ ಸಣ್ಣ ಕೈಗಳು. ಹೊಸ ಬಲ್ಬು ಬಂದ ಕವಚ ಎಸೆಯದೆ ಇಟ್ಟುಕೊಂಡು ಹಳೆಯದನ್ನು ಅದರೊಳಗೆ ಹಾಕಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ‘ಒಡೆಯಬಾರದು’ ಎಂದು ಬರೆದು ಮಾರಿದವರಿಗೇ ವಾಪಸು ಕಳಿಸು. ಅವರು ಬೇಡವೆಂದರೆ ನನಗೆ ಫೋನು ಮಾಡು. ದಾವಣಗೆರೆಯಲ್ಲಿ ನಮ್ಮ ಕಾಲದ ಆಪರೇಟರ್ ಗೆಳೆಯರು ಇನ್ನೂ ಇದ್ದಾರೆ, ಮುಖಗವಸೂ ಇದೆ. ಬಲ್ಬು ತೆಗೆದುಕೊಂಡು ಬಾ, ಊಟಕ್ಕೂ ನಿಲ್ಲು.

ನಿನ್ನ ಮಾವ